ಬಲ್ಬು ಬದಲಿಸಲು ಬಂಪರು ಬಿಚ್ಚಬೇಕೆ?

ಈ ಶಿರೋನಾಮೆಯನ್ನು ನೋಡಿ ಕೆಲವರು ನಗಬಹುದು. ಪುಣೆಯ ಕನ್ನಡಿಗರಿಗೆ ಚರ್ಚಿಸಲು ಬೇರೆ ವಿಷಯವೇ ಉಳಿಯಲಿಲ್ಲವೇ, ಮಕ್ಕಳ ಕನ್ನಡ, ಗಡಿಯ ಗೊಂದಲ, ನಾಟಕಕ್ಕೆ ಸಿಗದ ರಂಗಮಂದಿರ ಎಲ್ಲವೂ ಮುಗಿದು ಈಗ ಮೋಟಾರಿನ ದೀಪದ ಬುರುಡೆಗೆ ಬಂದಿರಾ ಎಂದು ಕೇಳಬಹುದು. ಕೇಳಲಿ. ಕಳೆದ ದೀಪಾವಳಿಯ ರಜೆಯಲ್ಲಿ ಅಂಥದೊಂದು ಬುರುಡೆಯ ದೆಸೆಯಿಂದ ನಾವು ನಾಲ್ವರು ಸಾವಿಗೆ ಎರಡು ಮಾರು ದೂರದಲ್ಲಿ ನಿಂತು ಬಂದಿದ್ದೇವಾದ್ದರಿಂದ ನಮಗೆ ಮಾತ್ರ ನಗು ಬರುತ್ತಿಲ್ಲ.

ಧಾರವಾಡದಿಂದ ಸಂಜೆ ನಾಲ್ಕಕ್ಕೆ ಹೊರಟಿದ್ದೆವು. ನಮ್ಮ ಓದುಗರಿಗೆ ಆ ರಸ್ತೆಯನ್ನು ವರ್ಣಿಸಬೇಕಾಗಿಲ್ಲ. ಹಿಂದೆ ನಾಲ್ಕನೆಯ ನಂಬರಿನ ಹೆದ್ದಾರಿಯಾಗಿದ್ದು ಈಗ ನಲವತ್ತೆಂಟನೆಯದೆನಿಸಿಕೊಂಡಿರುವ ಅದು ನಮ್ಮೆಲ್ಲರ ತವರುಹಾದಿ. ಮದುವೆಗೂ ಅದೇ, ಮೂರನೆಯ ದಿನದ ಕಾರ್ಯಕ್ಕೂ ಅದೇ. ತವಂದಿ ಘಾಟು ಇಳಿದು ನಿಪ್ಪಾಣಿ ದಾಟುವಷ್ಟರಲ್ಲಿ ಕತ್ತಲಾಯಿತು. ಕೊಲ್ಲಾಪುರ ಕಳೆದು ಪೇಠ ನಾಕೆಯ ಹತ್ತಿರ ಚಹಾ ಕುಡಿಯಲು ಒಂದು ಧಾಬಾದ ಮುಂದೆ ನಿಲ್ಲಿಸಿದಾಗ ಎದುರಿನ ಸುಣ್ಣದ ಗೋಡೆಯ ಮೇಲೆ ಬಿದ್ದ ಬೆಳಕು ಒಂದೇ. ಎಡಗಣ್ಣು ಹೋಗಿತ್ತು. ಎಲ್ಲಿ ಹೋಯಿತೋ, ಎಷ್ಟು ದೂರ ಒಕ್ಕಣ್ಣರಾಗಿ ಬಂದಿದ್ದೆವೋ, ದೇವರೇ ಬಲ್ಲ. ಧಾಬಾದ ಪಕ್ಕದ ಪಂಚರಿನ ಅಂಗಡಿಯಲ್ಲಿ ಟ್ರಕ್ಕಿನ 24 ವೋಲ್ಟಿನ ಬಲ್ಬು ಇತ್ತು, ನಮ್ಮ 12 ವೋಲ್ಟಿನದು ಇರಲಿಲ್ಲ. ಇದ್ದಿದ್ದರೂ ಹಾಕಲು ನಮಗೆ ಬರುತ್ತಿರಲಿಲ್ಲ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಡಿಪ್ಪರಿನ ತಂತಿ ಮಾತ್ರ ಸುಟ್ಟಿತ್ತು, ಮೇಲಿನ ಬೆಳಕಿನ ತಂತಿ ನೆಟ್ಟಗಿತ್ತು. ಅದನ್ನೇ ಹಚ್ಚಿಕೊಂಡು ಮುಂದಿನವರ ಕನ್ನಡಿಗೂ ಎದುರಿನವರ ಕಣ್ಣಿಗೂ ಹೊಡೆಯುತ್ತ ಹೋಗುವ ಶೂರರು ಆ ರಸ್ತೆಯಲ್ಲಿ ಬೇಕಾದಷ್ಟಿದ್ದಾರೆ. ನಾವು ಸಭ್ಯತೆಗೆ ಕಟ್ಟುಬಿದ್ದು ಒಂದೇ ಡಿಪ್ಪರಿನಲ್ಲಿ ಹೊರಟೆವು.

ಕಬ್ಬಿನ ಹಂಗಾಮು ಶುರುವಾಗಿತ್ತು. ಕರಾಡ ಇನ್ನೂ ಮುಂದಿತ್ತು. ರಸ್ತೆಯ ಎಡ ಅಂಚಿನಲ್ಲಿ ಎರಡು ಡಬ್ಬಿಗಳನ್ನು ಜೋಡಿಸಿಕೊಂಡ ಟ್ರ್ಯಾಕ್ಟರೊಂದು ಹಿಂದೆ ಒಂದು ಕೆಂಪು ದೀಪವಿಲ್ಲದೆ, ಪ್ರತಿಫಲಿಸುವ ಒಂದು ಚೂರು ಪಟ್ಟಿಯೂ ಇಲ್ಲದೆ, ಆನೆಯಂತೆ ತೇಲುತ್ತಿತ್ತು. ಎಡಗಣ್ಣಿದ್ದಿದ್ದರೆ ನೂರು ಅಡಿಯಿಂದಲೇ ಕಬ್ಬಿನ ತುದಿಗಳು ಹೊಳೆಯುತ್ತಿದ್ದವು. ನಮಗೆ ಕಂಡದ್ದು ಗಾಜಿಗೆ ಕಬ್ಬಿನ ಗರಿ ತಾಗುವುದೊಂದು ಬಾಕಿ ಎನ್ನುವಾಗ. ಬಲಕ್ಕೆ ಎಳೆದೆವು. ಬಲಗಡೆಯ ಸಾಲಿನಲ್ಲಿ ಆ ಕ್ಷಣ ಬಸ್ಸು ಇರಲಿಲ್ಲ ಎಂಬುದಷ್ಟೇ ಈ ಲೇಖನ ಬರೆಯಲು ನಮಗೆ ಸಿಕ್ಕಿರುವ ಅರ್ಹತೆ. ಆಮೇಲೆ ಪುಣೆಯವರೆಗೂ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಸರಕಾರದ ಲೆಕ್ಕದ ಪ್ರಕಾರ 2022ನೆಯ ಇಸವಿಯಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ದಿನದ ಯಾವ ಹೊತ್ತಿನಲ್ಲಿ ಅಪಘಾತ ಹೆಚ್ಚು ಎಂದರೆ ಸಂಜೆ ಆರರಿಂದ ಒಂಬತ್ತರವರೆಗೆ ಎಂದು ಅದೇ ವರದಿಗಳು ವರ್ಷವರ್ಷವೂ ಹೇಳುತ್ತ ಬಂದಿವೆ. ಅಂದರೆ ದೀಪ ಹಚ್ಚುವ ಹೊತ್ತು. ಇದರಲ್ಲಿ ಸುಟ್ಟ ಬಲ್ಬಿನ ಪಾಲು ಎಷ್ಟೆಂದು ಬಿಡಿಸಿ ಹೇಳುವ ಹಟ ನಮಗಿಲ್ಲ. ನಮ್ಮ ಪಾಲು ಎಷ್ಟಾಗುತ್ತಿತ್ತು ಎಂಬುದು ಮಾತ್ರ ಗೊತ್ತಿದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಮರುದಿನ ಕಾರನ್ನು ಕಂಪನಿಯ ಮೊಹರು ಹೊತ್ತ ಒಂದು ವರ್ಕ್‌ಶಾಪಿಗೆ ಒಯ್ದೆವು. ಹೆಸರು ಬೇಡ, ಎಲ್ಲವೂ ಒಂದೇ ಅಚ್ಚು. ಕಾಚಿನ ಕೋಣೆ, ತಂಪು ಗಾಳಿ, ಪುಕ್ಕಟೆ ಕಾಫಿ. ಟೈ ಕಟ್ಟಿದ ತರುಣನೊಬ್ಬ ಬಂದು ಕಂಪ್ಯೂಟರಿನಲ್ಲಿ ಏನೇನೋ ಒತ್ತಿ, "ಬಂಪರ ಕಾಢಾವಾ ಲಾಗೇಲ, ಸಾಹೇಬ. ಗಾಡೀ ಠೇವಾ, ಉದ್ಯಾ ಯಾ" ಎಂದ. ಅಂದರೆ ಮುಂದಿನ ಬಂಪರನ್ನು ಬಿಚ್ಚಬೇಕು, ಗಾಡಿ ಇಲ್ಲೇ ಇರಲಿ, ನಾಳೆ ಬನ್ನಿ. ಬಲ್ಬಿಗೆ 260 ರೂಪಾಯಿ, ಮಜೂರಿ 1,450, ಮೇಲೆ ತೆರಿಗೆ. ಎರಡನ್ನೂ ಬದಲಿಸಿದರೆ ಒಳ್ಳೆಯದೆಂದು ಸಲಹೆ ಬೇರೆ. ಆ ಸಲಹೆ ತಪ್ಪಲ್ಲ, ಒಂದೇ ವಯಸ್ಸಿನ ಬಲ್ಬುಗಳು ಹೆಚ್ಚು ಅಂತರವಿಲ್ಲದೆ ಹೋಗುವುದುಂಟು. ಆದರೆ ದೀಪವೊಂದನ್ನು ಹಚ್ಚಲು ಕಾರಿನ ಮೂತಿಯನ್ನೇ ಕಿತ್ತಿಡಬೇಕೆಂಬುದನ್ನು ಅವನು ಹೇಳಿದ ಸಮಾಧಾನ ನಮ್ಮನ್ನು ಬೆಚ್ಚಿಬೀಳಿಸಿತು. ಮನೆಯಲ್ಲಿ ದೇವರ ಮುಂದಿನ ಬತ್ತಿ ಬದಲಿಸಲು ಗರ್ಭಗುಡಿಯ ಗೋಡೆ ಒಡೆಯಬೇಕೆಂದು ಯಾರಾದರೂ ಅಂದರೆ ನಾವು ಕೈಮುಗಿದು ಹೂಂ ಅನ್ನುತ್ತೇವೆಯೇ?

ಕಾರಿನ ಜೊತೆ ಬಂದ ಪುಸ್ತಕವನ್ನು ತೆಗೆದು ನೋಡಿದೆವು. ಹಾಡು ಕೇಳುವ ಪೆಟ್ಟಿಗೆಗೆ ಫೋನನ್ನು ಹೇಗೆ ಗಂಟುಹಾಕಬೇಕೆಂಬುದಕ್ಕೆ ಹನ್ನೊಂದು ಪುಟ. ಮುಂದೀಪದ ಬಲ್ಬಿಗೆ ಒಂದು ಸಾಲು: ಅಧಿಕೃತ ಡೀಲರರನ್ನು ಸಂಪರ್ಕಿಸಿ. ಪದ್ಮಿನಿ, ಅಂಬಾಸಡರುಗಳ ಕಾಲದಲ್ಲಿ ಕಾರು ಇಟ್ಟವರ ಡಿಕ್ಕಿಯಲ್ಲಿ ಒಂದು ಫ್ಯಾನ್ ಬೆಲ್ಟು, ಎರಡು ಪ್ಲಗ್ಗು, ಹಳೆಯ ಬನಿಯನ್ನಿನ ಚಿಂದಿಯಲ್ಲಿ ಸುತ್ತಿದ ಒಂದು ಬಲ್ಬು ಇದ್ದೇ ಇರುತ್ತಿದ್ದವು. ಆ ಕಾರುಗಳು ಒಳ್ಳೆಯವಾಗಿದ್ದವೆಂದು ನಾವು ಹೇಳುತ್ತಿಲ್ಲ. ಘಾಟಿನಲ್ಲಿ ಕುದಿದು ನಿಂತು ನಮ್ಮ ಬೇಸಿಗೆ ರಜೆಗಳನ್ನು ತಿಂದುಹಾಕಿದವು ಅವು. ಆದರೆ ಅವುಗಳ ಬಾನೆಟ್ಟು ಎತ್ತಿದರೆ ಕೈ ಹೋಗುತ್ತಿತ್ತು.

ಗಾಡಿಯನ್ನು ಅಲ್ಲಿ ಬಿಡದೆ ಹೊರಬಿದ್ದು ನಾನಾ ಪೇಠೆಗೆ ಹೋಗಿ ಬಲ್ಬು ಕೊಂಡೆವು. ಎಚ್4 ಎಂಬ ಜಾತಿಯದು, 60/55 ವಾಟ್. ಯುರೋಪಿನಲ್ಲಿ 1962ರಲ್ಲಿ ಮೊದಲ ಹ್ಯಾಲೊಜೆನ್ ಬುರುಡೆ ಮೋಟಾರಿಗೆ ಬಂತು, ಒಂದೇ ಬುರುಡೆಯಲ್ಲಿ ಮೇಲಿನ ಬೆಳಕಿಗೂ ಕೆಳಗಿನದಕ್ಕೂ ಎರಡು ತಂತಿಗಳಿರುವ ಈ ಎಚ್4 ಬಂದದ್ದು 1971ರಲ್ಲಿ. ಅರ್ಧ ಶತಮಾನ ಕಳೆದರೂ ಅದು ಅಳಿಯದೆ ಉಳಿದಿರುವುದಕ್ಕೆ ಕಾರಣ ಅದರ ಜಾಣತನ. ಸಾಧಾರಣ ಬುರುಡೆಯಲ್ಲಿ ಟಂಗ್‌ಸ್ಟನ್ ತಂತಿ ಕಾದು ಕಾದು ಆವಿಯಾಗಿ ಗಾಜಿಗೆ ಮಸಿ ಹಿಡಿಸುತ್ತದೆ. ಹ್ಯಾಲೊಜೆನ್ನಿನಲ್ಲಿ ಅಯೊಡಿನ್ ಅಥವಾ ಬ್ರೋಮಿನ್ನಿನ ಅಂಶ ಆ ಆವಿಯನ್ನು ಹಿಡಿದು ಮತ್ತೆ ತಂತಿಯ ಬಳಿಗೇ ತಂದು ಬಿಡುತ್ತದೆ. ಈ ವ್ಯವಹಾರ ನಡೆಯಬೇಕಾದರೆ ಬುರುಡೆಯ ಮೈ ಬಾಣಲೆಯ ಎಣ್ಣೆಗಿಂತ ಬಿಸಿ ಇರಬೇಕು, ಆದ್ದರಿಂದಲೇ ಗಾಜಿನ ಬದಲು ಕ್ವಾರ್ಟ್ಜ್. ಆದ್ದರಿಂದಲೇ ಅದನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಕಾವು ಹೆಚ್ಚಾಗಿ ಕ್ವಾರ್ಟ್ಜ್ ಹಾಳಾಗುತ್ತದೆ, ಒಡೆಯಲೂಬಹುದು. ಮುಟ್ಟಿದರೆ ಸ್ಪಿರಿಟ್ಟಿನಲ್ಲಿ ಒರೆಸಿದರಾಯಿತು. ಮಡಿಯ ಅರ್ಥ ನಮ್ಮ ಅಜ್ಜಿಯರಿಗೆ ಗೊತ್ತಿದ್ದಷ್ಟೇ ಈ ಬುರುಡೆ ಮಾಡಿದವರಿಗೂ ಗೊತ್ತಿದೆ.

ಭಾನುವಾರ ಬೆಳಿಗ್ಗೆ ಸೊಸೈಟಿಯ ಪಾರ್ಕಿಂಗಿನಲ್ಲಿ ಬಾನೆಟ್ಟು ಎತ್ತಿದೆವು. ಗುಟ್ಟು ಅರ್ಧ ನಿಮಿಷದಲ್ಲಿ ಬಯಲಾಯಿತು. ಎಡ ದೀಪದ ಬೆನ್ನಿಗೆ ಎರಡು ಬೆರಳು ಅಂತರದಲ್ಲಿ ಬ್ಯಾಟರಿಯನ್ನು ತಂದು ಕೂಡಿಸಿದ್ದರು. ಬಂಪರಿನ ಕತೆಗೆಲ್ಲ ಇದೇ ಮೂಲ. ಬ್ಯಾಟರಿಯನ್ನು ಸರಿಸಿದರೆ ಕೈ ಹೋಗುತ್ತದೆ, ಅದಕ್ಕೆ ಬೇಕಾದದ್ದು 10 ಮಿಲಿಮೀಟರಿನ ಒಂದು ಪಾನಾ. ಮೊದಲು ಋಣದ ತಂತಿ ಬಿಚ್ಚುವುದು, ಆಮೇಲೆ ಧನದ್ದು, ಜೋಡಿಸುವಾಗ ಇದರ ತಿರುಗುಮುರುಗು. ಪಾನಾ ಜಾರಿ ಕಾರಿನ ಮೈಗೆ ತಾಗಿದರೂ ಕಿಡಿ ಹಾರಬಾರದೆಂಬುದಕ್ಕೆ ಈ ಕ್ರಮ. ದೀಪದ ಹಿಂದೆ ಮೂರು ಕಾಲಿನ ಪ್ಲಗ್ಗು, ಅದನ್ನು ಎಳೆದರೆ ರಬ್ಬರಿನ ಟೋಪಿ, ಟೋಪಿಯ ಒಳಗೆ ಸೀರೆಯ ಪಿನ್ನಿನಂಥ ಒಂದು ತಂತಿಯ ಚಾಪ. ಚಾಪವನ್ನು ಒತ್ತಿ ಪಕ್ಕಕ್ಕೆ ಸರಿಸಿದರೆ ಬಲ್ಬು ಕೈಗೆ ಬರುತ್ತದೆ. ಹೊಸದರ ಕೊರಳಲ್ಲಿ ಮೂರು ಕಿವಿಗಳಿವೆ, ಒಂದೇ ರೀತಿಯಲ್ಲಿ ಮಾತ್ರ ಕೂರುತ್ತದೆ. ತಪ್ಪು ಮಾಡಬೇಕೆಂದರೂ ಸುಲಭಕ್ಕೆ ಬಿಡದು. ನಮ್ಮ ಕೈ ದಪ್ಪ. ಒಂಬತ್ತನೆಯ ತರಗತಿಯ ಮಗಳ ಕೈ ಸಣ್ಣದು. ಚಾಪವನ್ನು ಹಾಕಿದವಳು ಅವಳು. ನಲವತ್ತು ನಿಮಿಷ ಹಿಡಿಯಿತು, ಅದರಲ್ಲಿ ಇಪ್ಪತ್ತು ನಿಮಿಷ ಕೆಳಗೆ ಬಿದ್ದ ಒಂದು ಬೋಲ್ಟನ್ನು ಹುಡುಕಲು ಹೋಯಿತು. ಬಂಪರು ಇದ್ದಲ್ಲೇ ಇತ್ತು. ರೇಡಿಯೋದ ಗಡಿಯಾರ ಮಾತ್ರ ಹನ್ನೆರಡಕ್ಕೆ ಹೋಗಿ ನಿಂತಿತು, ಅದು ಇನ್ನೂ ಸರಿಯಾಗಿಲ್ಲ.

ಕೆಲಸ ಅಲ್ಲಿಗೆ ಮುಗಿಯಲಿಲ್ಲ ಎಂಬುದನ್ನೂ ಹೇಳಬೇಕು. ಪಾರ್ಕಿಂಗಿನ ಗೋಡೆಯಿಂದ ಐದು ಮೀಟರು ಹಿಂದೆ ಕಾರು ನಿಲ್ಲಿಸಿ, ದೀಪದ ನಡುವಿನ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತಿಸಿ, ಡಿಪ್ಪರಿನ ಬೆಳಕಿನ ಮೇಲಂಚು ಅದಕ್ಕಿಂತ ಸುಮಾರು ಐದು ಸೆಂಟಿಮೀಟರು ಕೆಳಗೆ ಬೀಳುತ್ತದೆಯೇ ಎಂದು ನೋಡಿದೆವು. ನೂರಕ್ಕೆ ಒಂದರಷ್ಟು ಇಳಿಜಾರು ಎಂಬ ಲೆಕ್ಕ, ಅನೇಕ ಕಾರುಗಳ ದೀಪದ ಬಳಿ ಅದನ್ನು ಬರೆದೇ ಇರುತ್ತಾರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ: ದೀಪದಿಂದ 8 ಮೀಟರು ದೂರದಲ್ಲಿ, ನೆಲದಿಂದ 1.5 ಮೀಟರು ಎತ್ತರದಲ್ಲಿ ಕಣ್ಣಿರುವ ಮನುಷ್ಯನಿಗೆ ಬೆಳಕು ಕುಕ್ಕಬಾರದು. ಹಿಂದೆ ದೀಪದ ಗಾಜಿನ ಮೇಲರ್ಧಕ್ಕೆ ಕಪ್ಪು ಬಳಿಯುತ್ತಿದ್ದರಲ್ಲ, ಅದು ಇದೇ ಉದ್ದೇಶದ ಒರಟು ಔಷಧಿ.

ಇಲ್ಲಿ ನಮ್ಮ ಜಗಳ ಎರಡು ಕಡೆಗೆ ತಿರುಗುತ್ತದೆ. ಮೊದಲು ಕಂಪನಿಗಳ ಕಡೆಗೆ.

ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 48ನೆಯ ನಿಯಮವೆಂಬುದೊಂದಿದೆ. ವಾಹನಕ್ಕೆ ದೀಪಗಳನ್ನು ಹೇಗೆ ಕೂಡಿಸಬೇಕೆಂಬುದು ಅದರ ವಿಷಯ. ವಾಹನದ ಜೊತೆ ಕೊಟ್ಟ ಹತಾರಗಳ ಹೊರತು ಬೇರೆ ವಿಶೇಷ ಸಲಕರಣೆ ಇಲ್ಲದೆ ಬಲ್ಬನ್ನು ಸರಿಯಾಗಿ ಬದಲಿಸುವಂತಿರಬೇಕು, ಹೇಗೆಂಬುದನ್ನು ತಯಾರಕರು ವಿವರವಾಗಿ ಬರೆದು ಕೊಡಬೇಕು ಎಂದು ಅದು ಹೇಳುತ್ತದೆ. ಬದಲಿಸಲಾಗದ ದೀಪಗಳಿಗೂ ಝೆನಾನಿನಂಥ ದೀಪಗಳಿಗೂ ವಿನಾಯಿತಿ ಇದೆ. ಝೆನಾನನ್ನು ಹೊತ್ತಿಸಲು ಇಪ್ಪತ್ತು ಸಾವಿರ ವೋಲ್ಟಿನ ಪೆಟ್ಟು ಬೇಕಾಗುವುದರಿಂದ ಅದರ ಗೊಡವೆಗೆ ಮನೆಯಲ್ಲಿ ಹೋಗದಿರುವುದೇ ಲೇಸು. ಆದರೆ 260 ರೂಪಾಯಿಯ ಹ್ಯಾಲೊಜೆನ್ ಬುರುಡೆಗೆ ಅಂಥ ಯಾವ ನೆಪವೂ ಇಲ್ಲ. ಅಲ್ಲಿಯ ಗಿರಾಕಿಗೆ ಸಲ್ಲುವ ಮರ್ಯಾದೆಯನ್ನು ಇಲ್ಲಿಯವನು ಕೇಳಿದರೆ ಅದು ಹಟಮಾರಿತನವೇ?

ಬಿಡಿಭಾಗಗಳನ್ನೂ ರಿಪೇರಿಯ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು. ಕಂಪನಿಗಳು ಮೇಲಿನ ಮೆಟ್ಟಿಲುಗಳನ್ನು ಹತ್ತಿದವು, ಅದು ನಿರೀಕ್ಷಿತವೇ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗಾಗಿ ಸಮಿತಿ ನೇಮಿಸಿ, ಫೋನು, ಗೃಹೋಪಯೋಗಿ ಸಾಮಾನು, ಕೃಷಿ ಯಂತ್ರಗಳ ಜೊತೆ ಮೋಟಾರು ವಾಹನಗಳನ್ನೂ ಅದರ ಪಟ್ಟಿಗೆ ಸೇರಿಸಿತು. ಆದರೆ ಕಾನೂನಿನ ಕಾಗದ ಬಾನೆಟ್ಟಿನ ಒಳಗೆ ಇಳಿಯಬೇಕಾದರೆ ಅಲ್ಲಿ ಮೊದಲು ಕೈ ಹೋಗುವಷ್ಟು ಜಾಗ ಬೇಕು. ಗಿರಾಕಿಯ ಬೆರಳು ತಲುಪದ ಜಾಗದಲ್ಲಿ ಬಲ್ಬು ಇಡುವುದು, ಬೀಗ ಹಾಕದೆ ಬೀಗ ಹಾಕುವ ವಿದ್ಯೆ. ಅದಕ್ಕೆ ಯಾವ ಆಯೋಗವೂ ದಂಡ ಹಾಕಿದ್ದು ನಾವು ಕಾಣೆವು.

ಹೊಸ ಕಾರುಗಳಲ್ಲಿ ಬಲ್ಬೇ ಇಲ್ಲ, ಎಲ್‌ಇಡಿ ದೀಪ ಕಾರಿನ ಆಯುಷ್ಯದಷ್ಟು ಬಾಳುತ್ತದೆ, ನಿಮ್ಮ ಜಗಳ ಹಳತಾಯಿತು ಎನ್ನುವವರಿದ್ದಾರೆ. ಬಾಳಿದರೆ ಸಂತೋಷ. ಬಾಳದಿದ್ದರೆ ಬಹಳಷ್ಟು ಕಾರುಗಳಲ್ಲಿ ಇಡೀ ದೀಪದ ಗೂಡನ್ನೇ ಬದಲಿಸಬೇಕು, ಆಗ ಲೆಕ್ಕ ನೂರುಗಳಲ್ಲಿ ಇರುವುದಿಲ್ಲ, ಸಾವಿರಗಳಲ್ಲಿರುತ್ತದೆ. ಆ ಬಿಲ್ಲು ಬರುವುದು ವಾರಂಟಿ ತೀರಿದ ಮೇಲೆ, ಎರಡನೆಯ ಕೈಗೆ ಕಾರು ಕೊಂಡ ಬಡ ಗುಮಾಸ್ತನಿಗೆ. ಅವನು ಏನು ಮಾಡುತ್ತಾನೆ? ಒಂದೇ ಕಣ್ಣಿನಲ್ಲಿ ಓಡಿಸುತ್ತಾನೆ.

ಇನ್ನು ಜಗಳದ ಎರಡನೆಯ ಮುಖ, ನಮ್ಮ ಕಡೆಗೇ. ಈ ಮಾತು ಓದುಗರಿಗೆ ರುಚಿಸಲಿಕ್ಕಿಲ್ಲ.

ಆಯುಧಪೂಜೆಯ ದಿನ ನಮ್ಮ ಸೊಸೈಟಿಗಳ ಅಂಗಳ ನೋಡಿ. ಚಕ್ರದ ಕೆಳಗೆ ನಿಂಬೆಹಣ್ಣು, ಬಾನೆಟ್ಟಿನ ಮೇಲೆ ಚೆಂಡುಹೂವಿನ ಮಾಲೆ, ಎರಡೂ ಹೆಡ್‌ಲೈಟುಗಳಿಗೆ ಅರಿಶಿನ ಕುಂಕುಮ. ಕುಂಕುಮ ಇಟ್ಟ ಕೈಗೆ ಆ ದೀಪ ಉರಿಯುತ್ತದೆಯೇ ಇಲ್ಲವೇ ಗೊತ್ತಿಲ್ಲ. ಬಾನೆಟ್ಟಿನ ಚಿಲಕ ಎಲ್ಲಿದೆಯೆಂದು ಕಾವಲುಗಾರನನ್ನು ಕೇಳಿದ ಇಂಜಿನಿಯರರನ್ನು ನಾವೇ ಕಂಡಿದ್ದೇವೆ. ನಮ್ಮ ಹಿಂದಿನವರ ಮನೆಗಳಲ್ಲಿ ಕಂದೀಲಿನ ಗಾಜನ್ನು ಸಂಜೆಸಂಜೆಗೆ ಬೂದಿಯಿಂದ ತಿಕ್ಕಿ, ಬತ್ತಿಯ ಕರಿಕು ಕತ್ತರಿಸಿ, ಎಣ್ಣೆ ನೋಡಿ ಇಡುತ್ತಿದ್ದರು. ಅದು ಕೀಳು ಕೆಲಸವೆಂದು ಯಾರಿಗೂ ಅನಿಸಲಿಲ್ಲ. ಮೊಮ್ಮಕ್ಕಳು ಓದಿ ಪುಣೆಗೆ ಬಂದು ಪಿಂಪರಿಯಲ್ಲಿ, ಆಕುರ್ಡಿಯಲ್ಲಿ, ಚಾಕಣದಲ್ಲಿ ಯಂತ್ರಗಳನ್ನೇ ಹುಟ್ಟಿಸುವವರಾದರು. ಮನೆಯ ದೀಪ ಮುಟ್ಟಲು ಮಾತ್ರ ಮಿಸ್ತ್ರಿ ಬೇಕಾಯಿತು. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಶುರುಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅವರ ಹೆಸರನ್ನು ಭಾಷಣಗಳಲ್ಲಿ ಎಳೆದುತರುವ ನಮಗೆ ಅವರ ಕೈಗೆ ಎಣ್ಣೆಮಸಿ ಅಂಟಿತ್ತೆಂಬುದು ಮರೆತುಹೋಗಿದೆ.

ಕಲಿಯದವರಿಗಿಂತ ಹೆಚ್ಚಿನ ಉಪದ್ರವ ಅರ್ಧ ಕಲಿತವರದು. ಬಲ್ಬು ಬದಲಿಸುವ ಉತ್ಸಾಹದಲ್ಲಿ ಇವರು 100/90 ವಾಟಿನದನ್ನು ತಂದು ಹಾಕುತ್ತಾರೆ. 60 ವಾಟಿನ ಬಲ್ಬು 12 ವೋಲ್ಟಿನಲ್ಲಿ ಎಳೆಯುವುದು 5 ಆಂಪಿಯರು, 100 ವಾಟಿನದು 8ಕ್ಕೂ ಮೇಲೆ. ತಂತಿಯಲ್ಲಿ ಹುಟ್ಟುವ ಕಾವು ಎರಡೂವರೆ ಪಟ್ಟಿಗೂ ಮೀರುತ್ತದೆ. ಪ್ಲಗ್ಗು ಕರಗುತ್ತದೆ, ಒಳಗನ್ನಡಿ ಹಳದಿಯಾಗುತ್ತದೆ, ಕೆಲವೊಮ್ಮೆ ಹೊಗೆಯೂ ಬರುತ್ತದೆ. ಇನ್ನು ಕೆಲವರು ಹ್ಯಾಲೊಜೆನ್ನಿಗಾಗಿ ಮಾಡಿದ ಗೂಡಿಗೆ ಬಜಾರಿನ ಬಿಳಿ ಎಲ್‌ಇಡಿ ತುರುಕುತ್ತಾರೆ. ಎಚ್4ರಲ್ಲಿ ಡಿಪ್ಪರಿನ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲಿದೆ, ಬೆಳಕು ಮೇಲಕ್ಕೆ ಚೆಲ್ಲದಂತೆ ತಡೆಯುವುದು ಅದೇ. ತಂತಿ ಕೂದಲೆಳೆಯಷ್ಟು ಆಚೀಚೆ ಆದರೂ ಆ ಲೆಕ್ಕ ಕೆಡುತ್ತದೆ ಎಂದ ಮೇಲೆ, ಬೇರೆ ಆಕಾರದ ಬೆಳಕನ್ನು ಅಲ್ಲಿಟ್ಟರೆ ಆಗುವುದೇನು? ಹಾಕಿಕೊಂಡವನಿಗೆ ಹಬ್ಬ, ಎದುರಿನಿಂದ ಸ್ಕೂಟರಿನಲ್ಲಿ ಬರುವ ಮುದುಕನಿಗೆ ಕುರುಡು. ವಾಹನವನ್ನು ಹೀಗೆ ಮಾರ್ಪಡಿಸಿದ ಮಾಲೀಕನಿಗೆ 2019ರ ತಿದ್ದುಪಡಿಯ ನಂತರ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸಜೆ ಎಂದು ಕಾಯಿದೆ ಇದೆ. ದಂಡ ಕಟ್ಟಿದವರನ್ನು ನಾವಿನ್ನೂ ಭೇಟಿಯಾಗಿಲ್ಲ.

ದೀಪ ಮಂದವಾಯಿತೆಂಬ ದೂರಿನಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಅದರ ಔಷಧಿ ಬಹುಮಟ್ಟಿಗೆ ಬೇರೆ ಕಡೆ ಇದೆ. ಬಲ್ಬಿಗೆ ತಲುಪುವ ವೋಲ್ಟೇಜು ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ಮಳೆಗಾಲದಲ್ಲಿ ತುಕ್ಕು ಹಿಡಿದ ಭೂಸಂಪರ್ಕದ ತಂತಿಯ ತುದಿಯನ್ನು ಒಂದು ರೂಪಾಯಿಯ ಮರಳುಕಾಗದದಿಂದ ತಿಕ್ಕಿದರೆ ಹಳೆಯ ಬಲ್ಬಿಗೇ ಯೌವನ ಬರುವುದುಂಟು. ಗಾಜಿನ ಹೊರಗಿನ ಧೂಳನ್ನು ಒರೆಸಿದರೂ ಸಾಕೆನ್ನುವ ಪರಿಸ್ಥಿತಿ ಕೆಲವರದು.

ಎಲ್ಲರೂ ಮನೆಯಲ್ಲೇ ಮಾಡಿಕೊಂಡರೆ ಬಡ ಮಿಸ್ತ್ರಿ ಏನು ತಿನ್ನಬೇಕು ಎಂಬ ಪ್ರಶ್ನೆಯನ್ನು ನಮ್ಮ ಮಿತ್ರರೊಬ್ಬರು ಎತ್ತಿದರು. ಒಳ್ಳೆಯ ಪ್ರಶ್ನೆ. ಆದರೆ ಬಂಪರಿನ 1,450 ರೂಪಾಯಿ ಕಾಚಿನ ಕೋಣೆಗೆ ಹೋಗುತ್ತದೆಯೇ ಹೊರತು ಮೂಲೆಯ ಮಿಸ್ತ್ರಿಗಲ್ಲ. ಅವನ ಬಳಿ ಹೋದರೆ ಅವನೂ ನಮ್ಮಂತೆ ಬ್ಯಾಟರಿ ಸರಿಸಿ ನೂರು ರೂಪಾಯಿಗೆ ಹಾಕಿಕೊಡುತ್ತಾನೆ, ಕೈಲಾಗದವರು ಖಂಡಿತ ಅವನಲ್ಲಿಗೆ ಹೋಗಲಿ. ಆದರೆ ರಾತ್ರಿ ಒಂಬತ್ತು ಗಂಟೆಗೆ ಪೇಠ ನಾಕೆಯಲ್ಲಿ ಅವನು ಇರುವುದಿಲ್ಲ, ಕಂಪನಿಯೂ ಇರುವುದಿಲ್ಲ. ಇರುವವರು ನಾವು, ಕಬ್ಬಿನ ಟ್ರ್ಯಾಕ್ಟರು, ಇಬ್ಬರೇ.

ರಾಜ್ಯೋತ್ಸವದ ಕಾರ್ಯಕ್ರಮದ ದಿನ ಚಾಕಣದ ಕಡೆ ದೊಡ್ಡ ಹುದ್ದೆಯಲ್ಲಿರುವ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರನ್ನು ಊಟದ ಸಾಲಿನಲ್ಲಿ ಹಿಡಿದು ಇದನ್ನೇ ಕೇಳಿದೆವು. ಕಾರಿನ ಹೊಟ್ಟೆಯಲ್ಲಿ ಯಾವುದು ಎಲ್ಲಿ ಕೂರಬೇಕೆಂದು ನಕ್ಷೆ ಹಾಕುವ ಇಲಾಖೆ ಅವರದು. "ಜಾಗದ ಅಡಚಣೆ ಇರತದರೀ" ಎಂದರು. "ಎಂಜಿನ್ನು, ಬ್ಯಾಟರಿ, ಗಾಳಿಯ ಪೆಟ್ಟಿಗೆ ಎಲ್ಲಾ ಕೂಡಿಸಿದ ಮ್ಯಾಲ ಬಲ್ಬಿಗೆ ಉಳಿಯೂದೇ ಅಷ್ಟು. ಅದರ ಬಗ್ಗೆ ಮೀಟಿಂಗಿನಾಗ ಯಾರೂ ಕೇಳಾಂಗಿಲ್ಲ." ಯಾರೂ ಕೇಳುವುದಿಲ್ಲವೆಂದಾದರೆ ಕನ್ನಡಿಗರಾದ ನೀವು ಒಬ್ಬರು ಕೇಳಿ ಎಂದೆವು. ನಕ್ಕರು, ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ಕಾರ್ಯಕ್ರಮ ಮುಗಿದು ಎಲ್ಲರೂ ಹೊರಬಿದ್ದಾಗ ಅವರ ಕಾರು ಗೇಟಿನಿಂದ ನಿಧಾನವಾಗಿ ರಸ್ತೆಗಿಳಿಯಿತು. ಎದುರಿನ ಕಂಪೌಂಡಿನ ಗೋಡೆಯ ಮೇಲೆ ಬಿದ್ದ ಬೆಳಕನ್ನು ಮಗಳು ನಮಗಿಂತ ಮೊದಲು ನೋಡಿ ತೋಳು ಜಗ್ಗಿದಳು. ಒಂದೇ ಇತ್ತು.